ಈ ವರ್ಷ ಹಿಂದಿನ ಬಯಲಿನಲ್ಲಿ ಸಸಿ ನೆಡುತ್ತಿಲ್ಲ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹಿಂದಿನ ಬಯಲಿನಲ್ಲಿ ಸಸಿ ನೆಡುವ ಕಾರ್ಯಕ್ರಮ ಈ ಸಲ ಇರುವುದಿಲ್ಲ ಎಂದು ಮಕ್ಕಳ ಡೈರಿಯಲ್ಲಿ ಬರೆಸಿ ಕಳಿಸಿದ್ದು ಸೋಮವಾರ. ಮಂಗಳವಾರ ಬೆಳಗ್ಗೆ ನಾನು ಬರುವಷ್ಟರಲ್ಲಿ ಮೇಜಿನ ಮೇಲೆ ಚೀಟಿಗಳ ಕಂತೆಯೇ ಇತ್ತು. "ಪರಿಸರದ ಪಾಠ ಹೇಳುವ ಶಾಲೆಯೇ ಗಿಡ ಬೇಡ ಅಂದರೆ ಹೇಗೆ ಮೇಡಂ?" ಎಂದು ಒಬ್ಬರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಎರಡು ಸಾಲಿನ ಸೂಚನೆ ಕಳಿಸಿ ಸುಮ್ಮನಾಗಿದ್ದು ನನ್ನ ತಪ್ಪು. ಕೆಲವರು ಆಗಲೇ ಸಸಿ ತಂದಿಟ್ಟಿದ್ದೀರಿ. ಎರಡನೇ ತರಗತಿಯ ಒಂದು ಮಗು ತನ್ನ ಸಸಿಗೆ ಹೆಸರನ್ನೂ ಇಟ್ಟಿದೆಯಂತೆ. ಆ ಮಗುವಿನ ಮುಂದೆ ನಿಲ್ಲಲು ನನಗೂ ಸಂಕೋಚ.

ಆದರೂ ತೀರ್ಮಾನ ಬದಲಾಗಿಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಗಿಡ ನೆಡುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಆ ಬಯಲಿನಲ್ಲಿ ಬೇಡ ಎನ್ನುತ್ತಿದ್ದೇವೆ, ಅಷ್ಟೇ. ಎಷ್ಟೋ ಚೀಟಿಗಳಲ್ಲಿ "ಖಾಲಿ ಜಾಗ", "ಬರಡು ಜಾಗ", "ಪಾಳು ಬಿದ್ದ ಜಾಗ" ಎಂದೆಲ್ಲ ಬರೆದಿದ್ದೀರಿ. ನಾನೂ ಹೋದ ವರ್ಷ ಅದನ್ನು ಹಾಗೆಯೇ ಕರೆದಿದ್ದೆ. ಬಯಲಿನ ಒಂದು ಮೂಲೆಯಲ್ಲಿ ಸಾಲಾಗಿ ಗುಂಡಿ ತೋಡಿಸಿ, ನರ್ಸರಿ ಮಣ್ಣು ಹಾಕಿಸಿ, ಗೊಬ್ಬರ ಕೊಟ್ಟು ಸಸಿ ನೆಡಿಸಿದವಳು ನಾನೇ. ಫೋಟೋದಲ್ಲಿ ನಗುತ್ತಾ ನಿಂತವಳೂ ನಾನೇ.

ಈ ವರ್ಷ ನಮ್ಮ ವಿಜ್ಞಾನದ ಮೇಷ್ಟ್ರು ಏಳನೇ ತರಗತಿಯವರಿಗೆ ಹಗ್ಗದಲ್ಲಿ ಒಂದು ಮೀಟರಿನ ಚೌಕ ಮಾಡಿಕೊಟ್ಟು, ಅದರೊಳಗೆ ಎಷ್ಟು ಬಗೆಯ ಸಸ್ಯ ಇದೆ ನೋಡಿ ಎಂದರು. ಗುಂಡಿ ತೋಡದ ಕಡೆ ಎಣಿಸಲು ಮಕ್ಕಳ ಎರಡು ಕೈಬೆರಳು ಸಾಲಲಿಲ್ಲ. ಹುಲ್ಲೇ ನಾಲ್ಕೈದು ಬಗೆ. ನಡುವೆ ನೆಲಕ್ಕಂಟಿದ ಬಳ್ಳಿ, ಗುಂಡುಸೂಜಿ ತಲೆಯಷ್ಟು ನೀಲಿ ಹೂ, ಮುಟ್ಟಿದರೆ ಸಿಡಿಯುವ ಕಾಯಿ. ಹೋದ ವರ್ಷ ನೆಟ್ಟ ಸಾಲಿನಲ್ಲಿ ಒಂದೇ ಕೈ ಸಾಕಾಯಿತು. ಅಲ್ಲಿ ಜೋರಾಗಿ ಬೆಳೆದಿದ್ದು ಪಾರ್ಥೇನಿಯಂ ಎಂಬ ಕಳೆ. ಬಯಲಿನ ಬೇರೆಲ್ಲೂ ಅದು ಕಾಣುವುದಿಲ್ಲ. ನಾವು ಹಾಕಿಸಿದ ಮಣ್ಣಿನ ಜೊತೆಗೇ ಬಂದಿರಬೇಕು.

ನಿಜ ಹೇಳಬೇಕೆಂದರೆ ಅವತ್ತು ನನಗೆ ಮುಖ ತೋರಿಸಲು ನಾಚಿಕೆಯಾಯಿತು.

ಹೀಗೇಕೆ ಆಗುತ್ತದೆ? ಬಯಲಿನ ಸಣ್ಣ ಸಸ್ಯಗಳಿಗೆ ಇಡೀ ದಿನದ ಬಿಸಿಲು ಬೇಕು. ಬೇಗ ಬೆಳೆಯುವ ಮರಗಳನ್ನು ಒತ್ತಾಗಿ ನೆಟ್ಟರೆ ಅವುಗಳ ತಲೆ ಮೇಲೆ ನೆರಳು ಬೀಳುತ್ತದೆ. ಬಿಸಿಲು ಸಿಗದೆ ಅವು ಸೊರಗುತ್ತವೆ. ಇನ್ನು ಗುಂಡಿ ತೋಡುವಾಗ, ಮಣ್ಣಿನೊಳಗೆ ಗೆಡ್ಡೆ ಬೇರು ಇಟ್ಟುಕೊಂಡು ಮಳೆಗೆ ಕಾಯುತ್ತಿದ್ದವು ಕಿತ್ತುಬರುತ್ತವೆ. ನೆಲ ಬೇಗ ಹಸಿರಾಗುತ್ತದೆ, ನಿಜ. ಒಂದು ಮಳೆ ಸಾಕು. ಆದರೆ ಹಳೆಯ ಹುಲ್ಲುಗಾವಲನ್ನು ಒಮ್ಮೆ ಅಗೆದು ಬಿಟ್ಟರೆ, ಮೊದಲಿದ್ದ ಬಗೆಗಳೆಲ್ಲ ಮತ್ತೆ ಬರಲು ಹತ್ತಾರು ವರ್ಷ ಬೇಕು. ಕೆಲವು ಬರುವುದೇ ಇಲ್ಲ.

ಗೊಬ್ಬರದ ಕಥೆ ಇನ್ನೂ ವಿಚಿತ್ರ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಒಂದು ಹುಲ್ಲುಗಾವಲಿದೆ. 1856ರಲ್ಲಿ ಅದನ್ನು ತುಂಡು ತುಂಡಾಗಿ ಭಾಗ ಮಾಡಿ, ಯಾವ ಗೊಬ್ಬರ ಹಾಕಿದರೆ ಹುಲ್ಲು ಜಾಸ್ತಿ ಬರುತ್ತದೆ ಎಂದು ನೋಡಲು ಶುರು ಮಾಡಿದರು. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಹುಲ್ಲೇನೋ ಜಾಸ್ತಿ ಬಂತು. ಆದರೆ ಏನೂ ಹಾಕದೆ ಬಿಟ್ಟ ತುಂಡುಗಳಲ್ಲಿ ಈಗಲೂ 30ಕ್ಕೂ ಹೆಚ್ಚು ಬಗೆಯ ಸಸ್ಯಗಳಿದ್ದರೆ, ಅಮೋನಿಯಂ ಸಲ್ಫೇಟ್ ಎಂಬ ಗೊಬ್ಬರ ತಿಂದು ಹುಳಿಯಾದ (ಆಮ್ಲ ಹೆಚ್ಚಾದ) ಮಣ್ಣಿನ ಕೆಲವು ತುಂಡುಗಳಲ್ಲಿ ಉಳಿದಿರುವುದು ಎರಡೋ ಮೂರೋ. ಗೊಬ್ಬರ ಬಿದ್ದಾಗ ಎತ್ತರ ಬೆಳೆಯುವ ಒಂದೆರಡು ಹುಲ್ಲು ಮೇಲೆದ್ದು ಉಳಿದವನ್ನು ಮುಚ್ಚಿಬಿಡುತ್ತವೆ. ಬಡ ಮಣ್ಣಿನಲ್ಲಿ ಯಾರಿಗೂ ಅಷ್ಟು ಶಕ್ತಿ ಇರುವುದಿಲ್ಲ. ಹಾಗಾಗಿ ಎಲ್ಲರಿಗೂ ಜಾಗ ಸಿಗುತ್ತದೆ. "ಆ ಮಣ್ಣಿನಲ್ಲಿ ಸತ್ವವೇ ಇಲ್ಲ, ನಾನೇ ಗೊಬ್ಬರ ಕೊಡಿಸುತ್ತೇನೆ" ಎಂದು ಬರೆದ ತಂದೆಯವರು ದಯವಿಟ್ಟು ಬೇಜಾರು ಮಾಡಿಕೊಳ್ಳಬಾರದು. ನಿಮ್ಮ ಮನಸ್ಸು ದೊಡ್ಡದು. ಆದರೆ ಆ ಮಣ್ಣು ಹಾಗೇ ಇರಲಿ.

ಇನ್ನೊಬ್ಬರ ಪ್ರಶ್ನೆ ನನಗೆ ಇಷ್ಟವಾಯಿತು. "ಅಲ್ಲಿ ದನ ಮೇಯುತ್ತವೆ, ಜನ ಓಡಾಡುತ್ತಾರೆ. ಅದಕ್ಕೆ ತಡೆ ಇಲ್ಲ. ನಮ್ಮ ಮಕ್ಕಳ ಸಸಿ ಮಾತ್ರ ನಿಮ್ಮ ಕಣ್ಣಿಗೆ ಚುಚ್ಚಿತಾ?" ಎಂದು ಕೇಳಿದ್ದಾರೆ. ಮನುಷ್ಯರು ಕಾಲಿಟ್ಟ ಕಡೆಯೆಲ್ಲ ಸಸ್ಯಗಳು ಹಾಳಾಗುತ್ತವೆ ಎಂದೇನಿಲ್ಲ. ಡಾರ್ವಿನ್ 1859ರಲ್ಲೇ ಒಂದು ಸಣ್ಣ ಲೆಕ್ಕ ಬರೆದಿಟ್ಟಿದ್ದಾರೆ. ಮೂರು ಅಡಿಗೆ ನಾಲ್ಕು ಅಡಿಯ ಒಂದು ಹುಲ್ಲಿನ ತುಂಡು. ಅದನ್ನು ಕತ್ತರಿಸುತ್ತಿದ್ದಾಗ 20 ಬಗೆ ಇದ್ದವು. ಬೆಳೆಯಲು ಬಿಟ್ಟಾಗ 9 ಬಗೆ ಸತ್ತುಹೋದವು, ಉಳಿದವು ಎತ್ತರವಾಗಿ ಅವನ್ನು ತುಳಿದವು. ದನ ಮೇಯುವುದೂ ಒಂದು ರೀತಿಯ ಕತ್ತರಿಯೇ. ಹದವಾಗಿ ಮೇಯ್ದರೆ ಸಣ್ಣವಕ್ಕೆ ಬೆಳಕು ಸಿಗುತ್ತದೆ. ಮೇಯುವುದು ಅತಿಯಾದರೆ ಮುಳ್ಳಿನವು, ಕಹಿಯಾದವು ಮಾತ್ರ ಉಳಿಯುತ್ತವೆ. ಓಡಾಟವೂ ಅಷ್ಟೇ. ಒಂದು ಕಾಲುದಾರಿಯಲ್ಲಿ ನಡೆದರೆ ಆ ದಾರಿ ಮಾತ್ರ ಬೋಳಾಗುತ್ತದೆ. ನಾನೂರು ಮಕ್ಕಳು ನಾನೂರು ದಿಕ್ಕಿಗೆ ಓಡಿದರೆ ಮಣ್ಣು ಗಟ್ಟಿಯಾಗಿ ನೀರು ಇಳಿಯುವುದಿಲ್ಲ, ತುಳಿತ ತಡೆದುಕೊಳ್ಳುವ ನಾಲ್ಕಾರು ಬಗೆ ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ಅದಕ್ಕೇ ಹೊಸ ನಿಯಮ: ಬಯಲಿಗೆ ಹೋದಾಗ ಎಲ್ಲರೂ ಹಳೆಯ ಕಾಲುದಾರಿಯಲ್ಲೇ ನಡೆಯಬೇಕು. ಇದನ್ನು ಶಿಕ್ಷೆ ಎಂದು ತಿಳಿದುಕೊಂಡವರಿಗೆ ಹೇಳುತ್ತೇನೆ, ನಾನೂ ಅದೇ ದಾರಿಯಲ್ಲಿ ನಡೆಯುತ್ತೇನೆ.

ಹಾವಿನ ಭಯದ ಬಗ್ಗೆ ಬರೆದವರಿಗೆ: ದಾರಿಯ ಎರಡೂ ಕಡೆ ಹುಲ್ಲು ಕತ್ತರಿಸಿಡುತ್ತೇವೆ, ಶಿಕ್ಷಕರಿಲ್ಲದೆ ಯಾವ ಮಗುವೂ ಹೋಗುವುದಿಲ್ಲ.

"ಹೂವಿನ ಗಿಡವಾದರೂ ಹಾಕೋಣ, ನೋಡಲು ಚಂದ" ಎಂದ ತಾಯಂದಿರಿಗೂ ಬೇಡ ಎನ್ನಲೇಬೇಕಾಗಿದೆ. ಲಂಟಾನಾ ನೋಡಿದ್ದೀರಲ್ವಾ? ಅದು ಅಮೆರಿಕ ಖಂಡದ ಬಿಸಿ ನಾಡುಗಳ ಗಿಡ. ಬೇರೆ ಬೇರೆ ದೇಶಗಳಿಗೆ ಅದನ್ನು ಒಯ್ದದ್ದು ತೋಟದ ಅಂದಕ್ಕೆಂದೇ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ಎಷ್ಟೋ ಕಾಡುಗಳ ಅಡಿಯಲ್ಲಿ ಬೇರೆ ಸಸಿ ತಲೆ ಎತ್ತಲಾಗದಂತೆ ಪೊದೆ ಕಟ್ಟಿಕೊಂಡಿದೆ. ತಂದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಮಗೂ ಇರಲಿಲ್ಲ, ಹೋದ ವರ್ಷ.

ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದೇನೆ ಎನಿಸಬಹುದು. ಏನು ಮಾಡಲಿ, ಕೈಯಲ್ಲಿ ಸಸಿ ಹಿಡಿದು ನಿಂತ ಮಗುವಿಗೆ ಬೇಡ ಎನ್ನುವುದು ಯಾವ ಶಿಕ್ಷಕರಿಗೂ ಸುಲಭವಲ್ಲ. ಮರ ಕಡಿದ ಜಾಗದಲ್ಲಿ, ರಸ್ತೆ ಬದಿಯಲ್ಲಿ, ಮನೆಯ ಮುಂದೆ ನೆಡುವುದಾದರೆ ನಾನೇ ಗುಂಡಿ ತೋಡಲು ಬರುತ್ತೇನೆ. ಆ ಬಯಲು ಮಾತ್ರ ತಾನಾಗಿ ಬೆಳೆದದ್ದು. ಅಲ್ಲಿ ನಾವು ಏನನ್ನೂ ಸೇರಿಸುವ ಅಗತ್ಯ ಇಲ್ಲ.

ಹಾಗೆಂದು ಸುಮ್ನೆ ಕೂರುವುದಿಲ್ಲ. ಶನಿವಾರ ಐದರಿಂದ ಏಳನೇ ತರಗತಿಯವರು ಹಗ್ಗದ ಚೌಕ ಹಿಡಿದು ಮತ್ತೆ ಎಣಿಸಲಿದ್ದಾರೆ. ಪಾರ್ಥೇನಿಯಂ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಹಾಗಾಗಿ ಅದನ್ನು ಮಕ್ಕಳು ಮುಟ್ಟುವುದಿಲ್ಲ. ಅದು ಹೂ ಬಿಡುವ ಮೊದಲೇ ನಾವು ಶಿಕ್ಷಕರು ಕೈಗವಸು ಹಾಕಿಕೊಂಡು ಕಿತ್ತುಹಾಕುತ್ತೇವೆ. ನೀವೂ ಬಂದು ನೋಡಿ, ಬೈಯುವುದಿದ್ದರೆ ಅಲ್ಲೇ ಬೈಯಿರಿ.

ನಿಮ್ಮಿಂದ ಕೇಳುವುದು ಇಷ್ಟೇ: ಶನಿವಾರ ಕಳಿಸುವ ಮೊದಲು ಮಗುವಿನ ಶೂಗೆ ಅಂಟಿದ ಮಣ್ಣು, ಬೀಜ ಎಲ್ಲ ಉಜ್ಜಿ ತೆಗೆದು ಕಳಿಸಿ.

ಆಗಲೇ ತಂದ ಸಸಿಗಳನ್ನು ಶಾಲೆಗೆ ಕೊಟ್ಟರೆ ಮುಂಭಾಗದ ಕಾಂಪೌಂಡ್ ಪಕ್ಕದ ಪಾತಿಯಲ್ಲಿ ನೆಡಿಸುತ್ತೇವೆ. ಹೆಸರಿಟ್ಟ ಸಸಿಗೆ ನನ್ನ ಕೋಣೆಯ ಕಿಟಕಿ ಎದುರಿನ ಜಾಗ ಬಿಟ್ಟಿದ್ದೇನೆ ಎಂದು ಆ ಮಗುವಿಗೆ ಹೇಳಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ