ಬೊಜ್ಜಿನ ಲೆಕ್ಕ ಆಯವ್ಯಯದಲ್ಲಿ ಬರಲಿ: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರೇ,

ಬೊಜ್ಜಿನ ವಿಷಯವನ್ನು ಆರೋಗ್ಯ ಸಚಿವರಿಗಲ್ಲದೆ ತಮಗೆ ಬರೆಯಲು ಕಾರಣವಿದೆ. ಬೊಜ್ಜಿನಿಂದ ಹೆಚ್ಚುವ ಮಧುಮೇಹ, ಹೃದ್ರೋಗ, ಮೂತ್ರಪಿಂಡದ ವೈಫಲ್ಯ, ಸವೆದ ಮಂಡಿಗಳಿಗೆ ಚಿಕಿತ್ಸೆ ಕೊಡುವುದು ಆರೋಗ್ಯ ಇಲಾಖೆಯಾದರೂ ಹಣ ಹೋಗುವುದು ತಮ್ಮ ಬೊಕ್ಕಸದಿಂದ. ಈ ಕಾಯಿಲೆಗಳನ್ನು ತಗ್ಗಿಸಬಲ್ಲ ತೆರಿಗೆಯ ಅಧಿಕಾರವೂ ತಮ್ಮದೇ.

2022ರಲ್ಲಿ ಜಗತ್ತಿನ ಪ್ರತಿ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪರಿಸ್ಥಿತಿ ಹೀಗೆಯೇ ಮುಂದುವರಿದರೆ 2035ರ ಹೊತ್ತಿಗೆ ಅಧಿಕ ತೂಕ ಮತ್ತು ಬೊಜ್ಜಿನಿಂದಾಗುವ ವಾರ್ಷಿಕ ನಷ್ಟ 4 ಲಕ್ಷ ಕೋಟಿ ಡಾಲರ್ ದಾಟಲಿದೆ ಎಂದು 2023ರ ಜಾಗತಿಕ ಅಂದಾಜೊಂದು ಹೇಳಿತ್ತು. ಅದು ವಿಶ್ವದ ಒಟ್ಟು ಉತ್ಪನ್ನದ ಸುಮಾರು ಶೇ 3ರಷ್ಟು.

ಆಸ್ಪತ್ರೆಯ ಬಿಲ್ಲು ಕಣ್ಣಿಗಾದರೂ ಬೀಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಯಾವ ಪುಸ್ತಕದಲ್ಲೂ ದಾಖಲಾಗದ ನಷ್ಟ. ರಜೆ ಹಾಕಿದವರ ಲೆಕ್ಕ ಸಿಗುತ್ತದೆ. ಮಂಡಿ ನೋವನ್ನೋ ನಿದ್ರೆಯಲ್ಲಿ ಉಸಿರು ಕಟ್ಟಿದ ಬಳಲಿಕೆಯನ್ನೋ ಹೊತ್ತು ಕೆಲಸಕ್ಕೆ ಬಂದು, ಅರ್ಧದಷ್ಟನ್ನೂ ಮಾಡಲಾಗದವರ ಲೆಕ್ಕ ಸಿಗುವುದಿಲ್ಲ. ದುಡಿಯುವ ವಯಸ್ಸಿನಲ್ಲೇ ಕೆಲಸ ಬಿಟ್ಟವರಿದ್ದಾರೆ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್‌ಗೆ ಜೊತೆ ಹೋಗಬೇಕಾದ ಮಗಳು ಕಳೆದುಕೊಂಡ ಸಂಬಳವನ್ನು ಯಾರು ಬರೆದಿಟ್ಟಿದ್ದಾರೆ?

ದಯವಿಟ್ಟು ಬೊಜ್ಜನ್ನು ಸೋಮಾರಿತನದ ಫಲ ಎನ್ನಬೇಡಿ. ವಂಶವಾಹಿ, ನಿದ್ರೆ, ಔಷಧ, ಬಡತನ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಅವಮಾನಕ್ಕೆ ಹೆದರಿದವರು ವೈದ್ಯರ ಬಳಿ ತಡವಾಗಿ ಹೋಗುತ್ತಾರೆ. ತಡವಾದ ಚಿಕಿತ್ಸೆ ದುಬಾರಿ.

ಬ್ರಿಟನ್ 2016ರಲ್ಲಿ ಪಾನೀಯಗಳ ಮೇಲೆ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ತೆರಿಗೆ ಘೋಷಿಸಿ, 2018ರಲ್ಲಿ ಜಾರಿಗೆ ತಂದಿತು. ನಡುವಿನ ಎರಡು ವರ್ಷಗಳಲ್ಲೇ ಅನೇಕ ತಯಾರಕರು ತೆರಿಗೆ ತಪ್ಪಿಸಿಕೊಳ್ಳಲು ಸಕ್ಕರೆಯನ್ನೇ ಇಳಿಸಿದರು. ನನಗೆ ಇದು ಬಹಳ ಮುಖ್ಯವೆನಿಸುತ್ತದೆ: ಗ್ರಾಹಕರ ಜೇಬಿಗೆ ಕೈ ಹಾಕುವ ಮೊದಲೇ ತೆರಿಗೆ ತನ್ನ ಕೆಲಸ ಮಾಡಿತ್ತು. ಚಿಲಿ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಆಹಾರದ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಎಚ್ಚರಿಕೆ ಚಿಹ್ನೆಯನ್ನು ಕಡ್ಡಾಯಗೊಳಿಸಿತು.

ತಮ್ಮಲ್ಲಿ ನನ್ನ ಬೇಡಿಕೆ ಎರಡೇ. ಬೊಜ್ಜಿಗೆ ಸಂಬಂಧಿಸಿದ ಚಿಕಿತ್ಸೆ ಮತ್ತು ದುಡಿಮೆಯ ನಷ್ಟದ ಅಂದಾಜನ್ನು ಪ್ರತಿ ವರ್ಷ ಆಯವ್ಯಯದೊಂದಿಗೆ ಸದನದ ಮುಂದಿಡಿ. ಸಕ್ಕರೆಯ ಪ್ರಮಾಣ ಆಧರಿಸಿದ ತೆರಿಗೆಯನ್ನು ಈ ವರ್ಷವೇ ಘೋಷಿಸಿ, ತಯಾರಕರಿಗೆ ಸ್ಪಷ್ಟ ಗಡುವು ಕೊಡಿ. ಬಂದ ಹಣವನ್ನು ಶಾಲಾ ಮಕ್ಕಳ ಊಟಕ್ಕೂ ಆಟದ ಮೈದಾನಗಳಿಗೂ ಮೀಸಲಿಡಿ.

ವಿಶ್ವಾಸಪೂರ್ವಕವಾಗಿ,
ಒಬ್ಬ ತೆರಿಗೆದಾರ