ಕಂಪ್ಯೂಟರ್ ಲ್ಯಾಬ್ ಯಾಕೆ ಇನ್ನೂ ತೆರೆದಿಲ್ಲ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಲ್ಯಾಬ್ ಮುಚ್ಚಿರುವ ಬಗ್ಗೆ ನಿಮ್ಮಲ್ಲಿ ಹಲವರು ಬಂದು ಕೇಳಿದಿರಿ, ಕೆಲವರು ಬೇಸರದಿಂದಲೇ. ಚೆನ್ನಾಗಿ ಓಡ್ತಿರೋ ಕಂಪ್ಯೂಟರಿಗೆ ಯಾಕೆ ಕೈ ಹಾಕ್ತೀರಿ, ಮಕ್ಕಳು ಮಾಡಿದ್ದೆಲ್ಲ ಹೋದ್ರೆ ಏನು ಗತಿ ಅಂತ. ಕೇಳಬೇಕಾದ ಮಾತೇ. ಮಕ್ಕಳು ಬಿಡಿಸಿದ ಒಂದು ಚಿತ್ರವೂ ಅಳಿಸಿ ಹೋಗಬಾರದು ಅಂತಲೇ ಇಷ್ಟು ನಿಧಾನ ಆಗ್ತಿರೋದು.

ನಮ್ಮ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ, ಅಂದರೆ ಕಂಪನಿ ಮಾಮೂಲಾಗಿ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೇ ಹೊಸ ವಿಂಡೋಸ್ 11ಕ್ಕೆ ಬದಲಾಯಿಸುತ್ತಿದ್ದೇವೆ. ನಮ್ಮಲ್ಲಿ ಇದ್ದದ್ದು ವಿಂಡೋಸ್ 10ರ 32-ಬಿಟ್ ಆವೃತ್ತಿ, ಅಂದರೆ ಹಳೇ ಬಗೆಯದು. ಅದರ ಮೇಲೆಯೇ ವಿಂಡೋಸ್ 11 ಹಾಕೋಕೆ ಬರಲ್ಲ, ಡಿಸ್ಕ್ ಖಾಲಿ ಮಾಡಿ ಹೊಸದಾಗಿ ಹಾಕಬೇಕು. ಹಾಗಾಗಿ ಮೊದಲು ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಲೇಬೇಕು.

ಜಾಸ್ತಿ ಹೊತ್ತು ಹಿಡಿದದ್ದು ಶಾಲಾ ಸಂಚಿಕೆಗಳು. ಮಕ್ಕಳ ಕವನ, ಪ್ರಬಂಧ ಎಲ್ಲ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಕಾಣುತ್ತವೆ. ಫೈಲ್ ಹಾಳಾಗಿರಲ್ಲ, ಆದರೆ ಓದೋಕೆ ಆಗಲ್ಲ. ಅದಕ್ಕೆ ಒಂದೊಂದನ್ನೂ ಯೂನಿಕೋಡಿಗೆ (ಈಗಿನ ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಅಕ್ಷರ ಪದ್ಧತಿಗೆ) ಬದಲಿಸಿ, ಒತ್ತಕ್ಷರ ಸರಿಯಾಗಿ ಬಂದಿದೆಯಾ ಅಂತ ನಮ್ಮ ಕನ್ನಡ ಮೇಡಂ ಕೂತು ಓದುತ್ತಿದ್ದಾರೆ. ವಾರ್ಷಿಕೋತ್ಸವದ ವಿಸಿಡಿಗಳನ್ನು ಎಂಪಿ4 ಮಾಡಿದ್ದೇವೆ, ಮೂಲ ಫೈಲುಗಳನ್ನೂ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇಟ್ಟಿದ್ದೇವೆ.

ಇನ್ನು ಚಿಕ್ಕ ಮಕ್ಕಳ ಆ ಮಗ್ಗಿ ಆಟ. ಅದು 16-ಬಿಟ್ ಪ್ರೋಗ್ರಾಂ, ಅಂದರೆ ಇನ್ನೂ ಹಳೇ ಕಾಲದ ಬಗೆಯದು. ವಿಂಡೋಸ್ 11 ಬರೋದೇ 64-ಬಿಟ್ಟಿನಲ್ಲಿ, ಅಲ್ಲಿ ಅದು ಓಡಲ್ಲ. ಮಕ್ಕಳಿಗೆ ಅದರ ಮೇಲೆ ಎಷ್ಟು ಆಸೆ ಅಂತ ನನಗೆ ಗೊತ್ತು. ಒಂದನೇ ಕ್ಲಾಸಿನವರು ಅದಕ್ಕೋಸ್ಕರವೇ ಲ್ಯಾಬಿಗೆ ಓಡಿ ಬರುತ್ತಿದ್ದರು. ಆದರೂ ಒಂದು ಆಟಕ್ಕಾಗಿ ಇಡೀ ಲ್ಯಾಬನ್ನು ಹಳೇ ವಿಂಡೋಸ್‌ನಲ್ಲೇ ಬಿಡೋಕೆ ಆಗಲ್ಲ. ಭದ್ರತಾ ಅಪ್‌ಡೇಟ್ ಬರದ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸಿ ಮಕ್ಕಳ ಕೈಗೆ ಕೊಡೋದಕ್ಕೆ ನಾನು ಒಪ್ಪಲ್ಲ. ಇದನ್ನು ಎಷ್ಟು ಸಲ ಕೇಳಿದರೂ ಇದೇ ಉತ್ತರ, ದಯವಿಟ್ಟು ತಪ್ಪು ತಿಳಿಯಬೇಡಿ. ಹಾಗಂತ ಆಟವನ್ನು ಪೂರ್ತಿ ಕಿತ್ತು ಹಾಕುತ್ತಿಲ್ಲ. ಒಂದು ಹಳೇ ಕಂಪ್ಯೂಟರನ್ನು ಇಂಟರ್ನೆಟ್ ಇಲ್ಲದೆ ಮೂಲೆಯಲ್ಲಿ ಇಡುತ್ತೇವೆ, ಸರದಿ ಪ್ರಕಾರ ಆಡಲಿ. ಆದರೆ ಅದಕ್ಕೆ ನೆಟ್ ಕೊಡಿ ಅಂತ ಮಾತ್ರ ಕೇಳಬೇಡಿ.

ನಿಮ್ಮ ಮಗುವಿನ ಫೈಲುಗಳ ಒಂದು ಪ್ರತಿ ಮನೆಯಲ್ಲೂ ಇರಲಿ, ಈ ಶನಿವಾರದೊಳಗೆ ಹೆಸರು, ತರಗತಿ ಬರೆದ ಚೀಟಿ ಅಂಟಿಸಿ ಒಂದು ಪೆನ್ ಡ್ರೈವ್ ಕಳಿಸಿಕೊಡಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ