ನಾಳೆಯ 24 ಗಂಟೆ ಸ್ಯಾಂಪಲ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯಿಂದ ಮೂತ್ರ ಸಂಗ್ರಹ ಶುರು. ಎದ್ದ ಕೂಡಲೇ ಹೋಗುವ ಮೊದಲನೆಯದನ್ನು ಕ್ಯಾನಿಗೆ ಹಾಕಬೇಡಿ, ಟೈಮ್ ಮಾತ್ರ ಬರೆದಿಡಿ. ಆಮೇಲಿನದೆಲ್ಲ ಕ್ಯಾನಿಗೆ, ನಾಡಿದ್ದು ಅದೇ ಹೊತ್ತಿನದೂ ಸೇರಿ. ಒಂದು ಸಲ ತಪ್ಪಿದರೂ ತಿಳಿಸಿ, ಮುಚ್ಚಿಡಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ನಾವು ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೇವೆ ಅಂತ ತಿಳಿಯಲು. ಉಪ್ಪಿನಲ್ಲಿ ಸೋಡಿಯಂ ಇರುತ್ತದೆ, ತಿಂದ ಸೋಡಿಯಂನಲ್ಲಿ ಸುಮಾರು ಶೇ. 90 ಮೂತ್ರದಲ್ಲೇ ಹೊರಗೆ ಹೋಗುತ್ತದೆ. ಕೇಳಿದರೆ "ನಾವು ಉಪ್ಪು ಕಮ್ಮಿನೇ" ಅನ್ನುತ್ತೇವೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ! ರಿಪೋರ್ಟಿನ ಸೋಡಿಯಂ ಗ್ರಾಂ ಲೆಕ್ಕದಲ್ಲಿದ್ದರೆ 2.5ರಿಂದ ಗುಣಿಸಿ, ಉಪ್ಪು ಎಷ್ಟೆಂದು ಸಿಗುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಾಳೆ ಒಂದು ದಿನಕ್ಕೆ ಸುಮ್ನೆ ಪಥ್ಯ ಮಾಡಬೇಡಿ. ದಿನಾ ತಿನ್ನುವುದನ್ನೇ ತಿನ್ನಿ. ಹೊರಗೆ ಹೋಗುವವರು ಕ್ಯಾನನ್ನು ಬಟ್ಟೆಚೀಲದಲ್ಲಿ ಇಟ್ಟುಕೊಂಡು ಹೋಗಿ.